ದಾಲ್ಚಿನ್ನಿ ತೈಲ: ಒಂದೇ ಮರ, ಮೂರು ಗುಣ

ಪುತ್ತೂರಿನ ಕಡೆಯ ಗೃಹಿಣಿಯೊಬ್ಬರು ಎರಡು ಪ್ರಶ್ನೆಗಳನ್ನು ಕೇಳಿ ಪತ್ರ ಬರೆದಿದ್ದಾರೆ. ಹಲ್ಲುನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ಅವರು ಅಂಗಡಿಯಿಂದ ‘ದಾಲ್ಚಿನ್ನಿ ಎಣ್ಣೆ’ಯ ಪುಟ್ಟ ಶೀಶೆಯೊಂದನ್ನು ತರಿಸಿದರಂತೆ. ಮುಚ್ಚಳ ತೆರೆದರೆ ಚಕ್ಕೆಯ ಪರಿಮಳದ ಬದಲು ಲವಂಗದ ಘಾಟು! ಆದರೂ ಹತ್ತಿಯಲ್ಲಿ ಅದ್ದಿ ಒಸಡಿಗೆ ಒತ್ತಿಟ್ಟುಕೊಂಡರು. ನೋವೇನೋ ತಗ್ಗಿತು. ಮರುದಿನ ನೋಡಿದರೆ ಒಸಡು ಬೆಳ್ಳಗಾಗಿ ಸುಲಿದಿತ್ತು. “ನಮಗೆ ಕೊಟ್ಟದ್ದು ಕಲಬೆರಕೆ ಎಣ್ಣೆಯೇ?” ಎಂಬುದು ಅವರ ಮೊದಲ ಪ್ರಶ್ನೆ.

ಎರಡನೆಯದು ಅವರ ಅತ್ತೆಯವರ ವಿಷಯ. ಸಕ್ಕರೆ ಕಾಯಿಲೆಯಿರುವ ಆ ಹಿರಿಯರು ಮೂರು ತಿಂಗಳಿನಿಂದ ಪ್ರತಿದಿನ ಬೆಳಿಗ್ಗೆ ಒಂದು ಟೀ ಚಮಚ ಚಕ್ಕೆ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದಾರೆ. “ಅಡುಗೆಗೆ ಬಳಸುವ ಪದಾರ್ಥವಲ್ಲವೇ, ಏನೂ ಆಗುವುದಿಲ್ಲ ಎನ್ನುತ್ತಾರೆ. ನಿಜವೇ?”

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ. ದಾಲ್ಚಿನ್ನಿ ಎಂಬ ಒಂದೇ ಹೆಸರಿನ ಹಿಂದೆ ಒಂದಕ್ಕಿಂತ ಹೆಚ್ಚು ಮರಗಳಿವೆ. ಒಂದೇ ಮರದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ರಾಸಾಯನಿಕಗಳಿವೆ. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದೇ ಆಗಬೇಕಿಲ್ಲ.

ತೈಲ ಬರುವ ಬಗೆ

ಚಕ್ಕೆಯನ್ನು ಗಾಣಕ್ಕೆ ಹಾಕಿ ಹಿಂಡಿದರೆ ಕೊಬ್ಬರಿಯಂತೆ ಎಣ್ಣೆ ಬರುವುದಿಲ್ಲ. ಅದನ್ನು ನೀರಿನ ಹಬೆಯಲ್ಲಿ ಬಟ್ಟಿ ಇಳಿಸಬೇಕು. ಹಬೆಯ ಜೊತೆಗೆ ಆವಿಯಾಗಿ ಬರುವ ಪರಿಮಳದ ಅಂಶ ತಣಿದಾಗ ಎಣ್ಣೆಯಾಗಿ ಬೇರ್ಪಡುತ್ತದೆ. ಇದೇ ಸುಗಂಧ ತೈಲ. ಹೆಚ್ಚಿನ ಎಣ್ಣೆಗಳು ನೀರಿನ ಮೇಲೆ ತೇಲಿದರೆ, ದಾಲ್ಚಿನ್ನಿಯ ತೊಗಟೆ ಮತ್ತು ಎಲೆಗಳ ತೈಲ ನೀರಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ.

ನಿಜವಾದ ದಾಲ್ಚಿನ್ನಿಯ ತೊಗಟೆಯಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 1ರಷ್ಟು ತೈಲವಿರುತ್ತದೆ. ಅಂದರೆ 10 ಮಿಲಿಲೀಟರಿನ ಒಂದು ಪುಟ್ಟ ಶೀಶೆ ತುಂಬಲು ಒಂದರಿಂದ ಎರಡು ಕಿಲೋ ಚಕ್ಕೆ ಬೇಕು. ಒಂದು ಮಿಲಿಲೀಟರಿನಲ್ಲಿ ಸುಮಾರು 20 ಹನಿಗಳೆಂದು ಲೆಕ್ಕ ಹಾಕಿದರೆ, ಒಂದೇ ಹನಿಯಲ್ಲಿ 5ರಿಂದ 10 ಗ್ರಾಂ ಚಕ್ಕೆಯ ಸತ್ವ ಅಡಗಿದೆ. ನಾಲ್ಕು ಜನರ ಪಲಾವಿಗೆ ನಾವು ಹಾಕುವುದು ಒಂದೆರಡು ತುಂಡು ಮಾತ್ರ. ಆದ್ದರಿಂದ ‘ಅಡುಗೆಗೆ ಬಳಸುತ್ತೇವಲ್ಲ’ ಎಂಬ ವಾದ ಚಕ್ಕೆಗೆ ಸರಿಯಾದೀತು, ಅದರ ತೈಲಕ್ಕೆ ಸಲ್ಲದು.

ತೊಗಟೆ, ಎಲೆ, ಬೇರು

ಶ್ರೀಲಂಕಾ ನಿಜವಾದ ದಾಲ್ಚಿನ್ನಿಯ ತವರು. ಇಂದಿಗೂ ಜಗತ್ತಿಗೆ ಅದನ್ನು ಅತಿ ಹೆಚ್ಚು ಒದಗಿಸುವ ದೇಶ ಅದೇ. ನಮ್ಮ ಕರಾವಳಿ ಮತ್ತು ಮಲೆನಾಡಿನ ಹಿತ್ತಲುಗಳಲ್ಲೂ ಈ ಮರ ಬೆಳೆಯುತ್ತದೆ. ಈ ಒಂದೇ ಮರದಿಂದ ಮೂರು ಬಗೆಯ ತೈಲ ತೆಗೆಯಬಹುದು.

ತೊಗಟೆಯ ತೈಲದಲ್ಲಿ ಮುಖ್ಯವಾದುದು ಸಿನ್ನಮಾಲ್ಡಿಹೈಡ್. ಸಾಮಾನ್ಯವಾಗಿ ಶೇ. 60ರಿಂದ 75ರಷ್ಟು ಇರುತ್ತದೆ. ಚಕ್ಕೆಗೆ ಚಕ್ಕೆಯ ವಾಸನೆ, ಸಿಹಿ ಬೆರೆತ ಖಾರ ಬರುವುದು ಇದರಿಂದಲೇ. 1834ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ಡ್ಯೂಮಾ ಮತ್ತು ಪೆಲಿಗೊ ಇದನ್ನು ಬೇರ್ಪಡಿಸಿದರು. ಉಳಿದ ಭಾಗದಲ್ಲಿ ಸ್ವಲ್ಪ ಯೂಜಿನಾಲ್, ಸಿನ್ನಮೈಲ್ ಅಸಿಟೇಟ್, ಲಿನಲೂಲ್, ಕ್ಯಾರಿಯೋಫಿಲೀನ್ ಮುಂತಾದ ಹತ್ತಾರು ಘಟಕಗಳಿರುತ್ತವೆ.

ಎಲೆಯ ತೈಲದ ಕಥೆಯೇ ಬೇರೆ. ಅದರಲ್ಲಿ ಸಿನ್ನಮಾಲ್ಡಿಹೈಡ್ ತೀರ ಕಡಿಮೆ. ಶೇ. 70ರಿಂದ 90ರವರೆಗೆ ತುಂಬಿರುವುದು ಯೂಜಿನಾಲ್. ಲವಂಗದ ಎಣ್ಣೆಯ ಪ್ರಧಾನ ಘಟಕವೂ ಇದೇ. ದಂತವೈದ್ಯರ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆಯೂ ಹೆಚ್ಚಾಗಿ ಇದರದ್ದೇ.

ಬೇರಿನ ತೊಗಟೆಯ ತೈಲದಲ್ಲಿ ಹೆಚ್ಚಿರುವುದು ಕರ್ಪೂರ. ಆಶ್ಚರ್ಯಪಡಬೇಕಿಲ್ಲ, ಕರ್ಪೂರದ ಮರ ದಾಲ್ಚಿನ್ನಿಯ ಹತ್ತಿರದ ನೆಂಟ.

ಒಂದೇ ಮರದಲ್ಲಿ ಹೀಗೇಕೆ? ಒಂದೇ ಹಿಟ್ಟಿನಿಂದ ದೋಸೆಯನ್ನೂ ಪಡ್ಡನ್ನೂ ಮಾಡುವುದಿಲ್ಲವೇ? ಮರವೂ ಹಾಗೆಯೇ. ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲದಿಂದ ಅದು ಮೊದಲು ಸಿನ್ನಮಿಕ್ ಆಮ್ಲವನ್ನು ತಯಾರಿಸುತ್ತದೆ. ತೊಗಟೆಯಲ್ಲಿರುವ ಕಿಣ್ವಗಳು ಅದನ್ನು ಸಿನ್ನಮಾಲ್ಡಿಹೈಡ್ ಆಗಿಸುತ್ತವೆ. ಎಲೆಯಲ್ಲಿ ಅದೇ ದಾರಿ ಇನ್ನಷ್ಟು ಮುಂದೆ ಸಾಗಿ ಯೂಜಿನಾಲ್‌ಗೆ ಮುಟ್ಟುತ್ತದೆ. ಬೇರಿನ ಕರ್ಪೂರ ಮಾತ್ರ ಟರ್ಪೀನುಗಳೆಂಬ ಬೇರೆಯೇ ಬಳಗಕ್ಕೆ ಸೇರಿದ್ದು.

ಲವಂಗದ ವಾಸನೆ ಬಂದರೆ ಕಲಬೆರಕೆಯೇ?

ಈಗ ಮೊದಲ ಪ್ರಶ್ನೆಗೆ ಬರೋಣ. ಪತ್ರ ಬರೆದವರ ಶೀಶೆಯಲ್ಲಿದ್ದುದು ಬಹುತೇಕ ಎಲೆಯ ತೈಲ. ಚಕ್ಕೆ ಸುಲಿದ ಮೇಲೆ ಉಳಿಯುವ ಎಲೆ, ಕಡ್ಡಿಗಳನ್ನು ಬಟ್ಟಿ ಇಳಿಸಿ ಇದನ್ನು ತೆಗೆಯುತ್ತಾರೆ. ಹಾಗಾಗಿ ಇದರ ಬೆಲೆ ತೊಗಟೆಯ ತೈಲಕ್ಕಿಂತ ಬಹಳ ಕಡಿಮೆ. ‘ದಾಲ್ಚಿನ್ನಿ ಎಲೆಯ ತೈಲ’ ಎಂದು ಬರೆದು ಮಾರಿದರೆ ಅದರಲ್ಲಿ ಮೋಸವಿಲ್ಲ. ಬರಿದೇ ‘ದಾಲ್ಚಿನ್ನಿ ಎಣ್ಣೆ’ ಎಂದರೆ ಕೊಳ್ಳುವವರು ಮೋಸಹೋಗುತ್ತಾರೆ. ದುಬಾರಿಯಾದ ತೊಗಟೆಯ ತೈಲಕ್ಕೆ ಎಲೆಯ ತೈಲವನ್ನೋ, ಕಾರ್ಖಾನೆಯಲ್ಲಿ ತಯಾರಾದ ಸಿನ್ನಮಾಲ್ಡಿಹೈಡನ್ನೋ ಬೆರೆಸುವುದೂ ಉಂಟು.

ಇದನ್ನು ಮನೆಯಲ್ಲಿ ಖಚಿತವಾಗಿ ಪತ್ತೆಹಚ್ಚಲು ಸಾಧ್ಯವಿಲ್ಲ. ನೀರಿಗೆ ಒಂದು ಹನಿ ಬಿಟ್ಟು ಮುಳುಗುವುದೇ ಎಂದು ನೋಡಿ ಪ್ರಯೋಜನವಿಲ್ಲ, ಎರಡೂ ಮುಳುಗುತ್ತವೆ. ಗ್ಯಾಸ್ ಕ್ರೊಮಟೋಗ್ರಫಿ ಎಂಬ ಯಂತ್ರದಲ್ಲಿ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದರಷ್ಟೇ ತಿಳಿಯುತ್ತದೆ. ಕೊಳ್ಳುವಾಗ ಚೀಟಿಯ ಮೇಲೆ ಸಸ್ಯದ ಹೆಸರು ಮತ್ತು ಭಾಗ, ಅಂದರೆ ತೊಗಟೆಯೋ ಎಲೆಯೋ ಎಂಬುದು, ಇದೆಯೇ ಎಂದು ನೋಡುವುದು ನಮ್ಮಿಂದಾಗುವ ಕೆಲಸ.

ಒಸಡು ಸುಟ್ಟಿದ್ದೇಕೆ?

ಯೂಜಿನಾಲ್‌ಗೆ ನರವನ್ನು ಮರಗಟ್ಟಿಸುವ ಗುಣವಿದೆ. ನೋವು ತಗ್ಗಿದ್ದು ಅದರಿಂದ. ಆದರೆ ನೇರವಾಗಿ ತಗಲಿದರೆ ಅದು ಬಾಯಿಯ ಮೃದು ಪೊರೆಯನ್ನು ಸುಡುತ್ತದೆ. ದಂತವೈದ್ಯರು ಅದನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿ, ಹಲ್ಲಿನ ಕುಳಿಯೊಳಗೆ ಮಾತ್ರ ತುಂಬುತ್ತಾರೆ. ನಾವು ಶೀಶೆಯಿಂದ ನೇರವಾಗಿ ಒಸಡಿಗೆ ಹಚ್ಚಿಕೊಳ್ಳುತ್ತೇವೆ. ಅಲ್ಲದೆ ನೋವು ಮರೆಯಾದರೂ ಹುಳುಕು ಹಾಗೆಯೇ ಒಳಗೊಳಗೆ ಬೆಳೆಯುತ್ತಿರುತ್ತದೆ.

ತೊಗಟೆಯ ತೈಲವಾಗಿದ್ದರೆ ಇನ್ನೂ ಕಷ್ಟ. ಸಿನ್ನಮಾಲ್ಡಿಹೈಡ್ ಚರ್ಮಕ್ಕೆ ಉರಿ ತರುವುದಷ್ಟೇ ಅಲ್ಲ, ಅಲರ್ಜಿಯನ್ನೂ ಉಂಟುಮಾಡುತ್ತದೆ. ಒಮ್ಮೆ ಅಲರ್ಜಿಯಾದವರಿಗೆ ಮುಂದೆ ಚಕ್ಕೆಯ ಸ್ವಾದವಿರುವ ಟೂತ್‌ಪೇಸ್ಟ್, ಚೂಯಿಂಗ್ ಗಮ್ ಕೂಡ ಬಾಯಿಹುಣ್ಣಿಗೆ ಕಾರಣವಾಗಬಹುದು.

ಈ ತೈಲಗಳು ನೀರಿನಲ್ಲಿ ಕರಗುವುದಿಲ್ಲ. ಲೋಟ ನೀರಿಗೆ ಒಂದು ಹನಿ ಹಾಕಿ ಕುಡಿದರೆ ಅದು ತೆಳುವಾಗದೆ ಹನಿಯಾಗಿಯೇ ಗಂಟಲಿಗೆ ಅಂಟಿಕೊಳ್ಳುತ್ತದೆ. ಮಕ್ಕಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಅಮೆರಿಕದಲ್ಲಿ ಏಳೂವರೆ ವರ್ಷದ ಹುಡುಗನೊಬ್ಬ ಸುಮಾರು 60 ಮಿಲಿಲೀಟರ್ ದಾಲ್ಚಿನ್ನಿ ಎಣ್ಣೆ ಕುಡಿದ ಪ್ರಕರಣ 1989ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಬಾಯಿ, ಎದೆ, ಹೊಟ್ಟೆಯಲ್ಲಿ ಉರಿ, ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ವಾಂತಿ, ಕೊನೆಗೆ ಕುಸಿದು ಬೀಳುವುದು ಇವೆಲ್ಲ ಅವನಿಗೆ ಆಗಿದ್ದವು.

ಅತ್ತೆಯವರ ಚಮಚ

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ಮರದ ಭಾಗಕ್ಕಿಂತ ಯಾವ ಮರ ಎಂಬುದು ಮುಖ್ಯ. ನಮ್ಮ ದಿನಸಿ ಅಂಗಡಿಗಳಲ್ಲಿ ಸಿಗುವ ದಪ್ಪನೆಯ ಚಕ್ಕೆ ಹೆಚ್ಚಾಗಿ ನಿಜವಾದ ದಾಲ್ಚಿನ್ನಿಯಲ್ಲ. ಅದು ಚೀನಾ, ವಿಯೆಟ್ನಾಂ, ಇಂಡೋನೇಷ್ಯಾಗಳಿಂದ ಬರುವ ಕಾಸಿಯಾ ಚಕ್ಕೆ. ಇದೂ ಅದೇ ಕುಲದ ಮರ. ಭಾರತದ ಆಹಾರ ನಿಯಮಗಳು ಎರಡನ್ನೂ ಬೇರೆ ಬೇರೆ ಪದಾರ್ಥಗಳೆಂದೇ ಗುರುತಿಸುತ್ತವೆ. ಅಂಗಡಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಗುರುತಿಸುವುದು ಕಷ್ಟವಲ್ಲ. ನಿಜವಾದ ದಾಲ್ಚಿನ್ನಿ ತಿಳಿ ಕಂದು ಬಣ್ಣದ್ದು. ಕಾಗದದಂತೆ ತೆಳುವಾದ ಹಲವು ಪದರಗಳು ಒಂದರೊಳಗೊಂದು ಸುರುಳಿಯಾಗಿರುತ್ತವೆ. ಬೆರಳಲ್ಲೇ ಪುಡಿಯಾಗುತ್ತದೆ. ಕಾಸಿಯಾ ದಪ್ಪ, ಗಟ್ಟಿ, ಕೆಂಪು ಬೆರೆತ ಗಾಢ ಕಂದು. ಒಂದೇ ಪದರ ಮಡಚಿಕೊಂಡಿರುತ್ತದೆ. ಆದರೆ ಪುಡಿ ಮಾಡಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು.

ಕಾಸಿಯಾದಲ್ಲೂ ಸಿನ್ನಮಾಲ್ಡಿಹೈಡ್ ಧಾರಾಳವಾಗಿದೆ. ಅದರ ತೊಂದರೆಯಿರುವುದು ಕೂಮರಿನ್ ಎಂಬ ಮತ್ತೊಂದು ಘಟಕದಲ್ಲಿ. ನಿಜವಾದ ದಾಲ್ಚಿನ್ನಿಯಲ್ಲಿ ಕೂಮರಿನ್ ಇಲ್ಲವೆನ್ನುವಷ್ಟು ಕಡಿಮೆ. ಕಾಸಿಯಾದಲ್ಲಿ ಒಂದು ಗ್ರಾಂ ಪುಡಿಗೆ ಸರಾಸರಿ 3 ಮಿಲಿಗ್ರಾಂ ಎಂದು ಜರ್ಮನಿಯ ಸರ್ಕಾರಿ ಸಂಸ್ಥೆ 2006ರಲ್ಲಿ ಲೆಕ್ಕ ಹಾಕಿತ್ತು. ಮಾದರಿಯಿಂದ ಮಾದರಿಗೆ ಇದು ಬಹಳ ವ್ಯತ್ಯಾಸವಾಗುತ್ತದೆ. ಕೆಲವರ ದೇಹ ಕೂಮರಿನ್ ಅನ್ನು ತಾಳಿಕೊಳ್ಳುವುದಿಲ್ಲ, ಅಂಥವರ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹಾನಿಯಾಗುತ್ತದೆ. ಸಾಮಾನ್ಯವಾಗಿ ಸೇವನೆ ನಿಲ್ಲಿಸಿದರೆ ಅದು ಸರಿಹೋಗುತ್ತದೆ.

ಜೀವನಪೂರ್ತಿ ಪ್ರತಿದಿನ ಸೇವಿಸಿದರೂ ಅಪಾಯವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿರುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಅತ್ತೆಯವರ ತೂಕ 50 ಕಿಲೋ ಎಂದಿಟ್ಟುಕೊಂಡರೆ ದಿನಕ್ಕೆ 5 ಮಿಲಿಗ್ರಾಂ. ಒಂದು ಟೀ ಚಮಚ ಪುಡಿ ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಅದು ಕಾಸಿಯಾ ಆಗಿದ್ದರೆ ಏಳೂವರೆ ಮಿಲಿಗ್ರಾಂ ಕೂಮರಿನ್ ದೇಹ ಸೇರುತ್ತದೆ. ಒಂದೆರಡು ವಾರ ಮಿತಿ ಮೀರಿದರೆ ಗಾಬರಿಯಾಗಬೇಕಿಲ್ಲ. ತಿಂಗಳುಗಟ್ಟಲೆ ಮುಂದುವರಿಸುವುದು ಸರಿಯಲ್ಲ.

ಇಷ್ಟಾದರೂ ಸಕ್ಕರೆ ಕಾಯಿಲೆಗೆ ಲಾಭವಿದೆಯೇ? 2003ರಲ್ಲಿ ಪಾಕಿಸ್ತಾನದ 60 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 1ರಿಂದ 6 ಗ್ರಾಂ ಕಾಸಿಯಾ ಸೇವಿಸಿದವರ ರಕ್ತದ ಸಕ್ಕರೆ ಗಣನೀಯವಾಗಿ ಇಳಿದಿತ್ತು. ಚಕ್ಕೆಯ ಕೀರ್ತಿ ಹಬ್ಬಿದ್ದು ಅಲ್ಲಿಂದ. ನಂತರದ ಪರೀಕ್ಷೆಗಳಲ್ಲಿ ಕೆಲವು ಲಾಭ ತೋರಿಸಿದವು, ಕೆಲವು ತೋರಿಸಲಿಲ್ಲ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ 2012ರಲ್ಲಿ, ಮಧುಮೇಹಕ್ಕೆ ಚಕ್ಕೆಯನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿತು. ಚಕ್ಕೆಯನ್ನು ನಂಬಿ ಮಾತ್ರೆ ಬಿಡುವುದು ದೊಡ್ಡ ತಪ್ಪು. ಮಾತ್ರೆಯ ಜೊತೆಗೆ ಹೆಚ್ಚು ಸೇವಿಸುವವರು ವೈದ್ಯರಿಗೆ ತಿಳಿಸಲೇಬೇಕು.

ನೆನಪಿನಲ್ಲಿಡಿ

* ದಾಲ್ಚಿನ್ನಿಯ ಯಾವ ತೈಲವನ್ನೂ ಕುಡಿಯಬೇಡಿ. ಚರ್ಮಕ್ಕಾಗಲಿ ಒಸಡಿಗಾಗಲಿ ನೇರವಾಗಿ ಹಚ್ಚಬೇಡಿ.

* ಶೀಶೆಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಕೆಮ್ಮಿನ ಔಷಧಿಯ ಪಕ್ಕದಲ್ಲಿ ಇಡಬೇಡಿ.

* ಮಗು ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಶೀಶೆಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

* ಚರ್ಮಕ್ಕೆ ತಗಲಿದರೆ ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸುತ್ತಿದ್ದು, ನಂತರ ವೈದ್ಯರಿಗೆ ತೋರಿಸಿ.

* ಗರ್ಭಿಣಿಯರು, ಲಿವರ್ ತೊಂದರೆಯಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಚಕ್ಕೆ ಪುಡಿಯನ್ನು ಔಷಧಿಯಂತೆ ಚಮಚದ ಲೆಕ್ಕದಲ್ಲಿ ತೆಗೆದುಕೊಳ್ಳಬಾರದು.

ಪತ್ರ ಬರೆದ ತಾಯಿಗೆ ಹೇಳುವುದಿಷ್ಟು. ನಿಮ್ಮ ಶೀಶೆಯಲ್ಲಿದ್ದುದು ಕಲಬೆರಕೆಯೇ ಆಗಿರಬೇಕಿಲ್ಲ, ಆದರೂ ಅದು ಒಸಡಿಗೆ ಹಚ್ಚುವ ವಸ್ತುವಲ್ಲ. ಹಲ್ಲನ್ನು ದಂತವೈದ್ಯರಿಗೆ ತೋರಿಸಿ. ಅತ್ತೆಯವರಿಗೆ ಬೆಳಗಿನ ಚಮಚ ನಿಲ್ಲಿಸಲು ಹೇಳಿ. ಮುಂದಿನ ಸಲ ಸಕ್ಕರೆಯ ಪರೀಕ್ಷೆಗೆ ಹೋದಾಗ ಮೂರು ತಿಂಗಳು ಚಕ್ಕೆ ಸೇವಿಸಿದ್ದನ್ನು ಮರೆಯದೆ ವೈದ್ಯರಿಗೆ ತಿಳಿಸಲಿ. ಲಿವರ್ ಪರೀಕ್ಷೆ ಬೇಕೇ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಪಲಾವಿಗೂ ಸಾಗುವಿಗೂ ಹಾಕುವ ಒಂದೆರಡು ತುಂಡು ಚಕ್ಕೆಯನ್ನು ಯಾರೂ ಬಿಡಬೇಕಿಲ್ಲ, ಅದನ್ನು ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ಸವಿಯಬಹುದು.