ಒಂದೇ ಕೈಗೆ ಎಟುಕುವ ಜಾಗ

ದೇಗಾಂವ

ಪ್ರೀತಿಯ ತಂಗಿಗೆ,

ಕನ್ನಡದ ಮುಕ್ತ ತಂತ್ರಾಂಶವೊಂದರ ಹೊಣೆ ಹೊರುವ ಹುಮ್ಮಸ್ಸಿನಲ್ಲಿದ್ದೀಯ. ಅಲ್ಲಿ ಮುಂದಾಳಿಗೆ ಸಂಬಳ ಕೊಡುವ ಬಲವೂ ಇಲ್ಲ, ಹಿಡಿಯುವ ಬಲವೂ ಇಲ್ಲ. ಕೋಡ್ ಎಲ್ಲರದು, ಮನಸ್ಸು ಮುರಿದವರು ಒಂದು ಪ್ರತಿ ಎತ್ತಿಕೊಂಡು ಬೇರೆ ಒಲೆ ಹೂಡಬಹುದು. ಓಪನ್ ಆಫೀಸ್ ಒರಾಕಲ್ ಕಂಪನಿಯ ಪಾಲಾದ ಮೇಲೆ, 2010ರಲ್ಲಿ, ಅದಕ್ಕೆ ದುಡಿದ ಅನೇಕರು ಹಾಗೇ ಹೊರಬಿದ್ದು ಲಿಬ್ರೆ ಆಫೀಸ್ ಕಟ್ಟಿದರು. ಅದಕ್ಕೇ ಇಲ್ಲಿ ನಂಬಿಕೆಯೇ ಬಂಡವಾಳ ಅನ್ನುತ್ತಾರೆ. ಆದರೆ ಯಾರದೋ ಒಳ್ಳೆಯತನವನ್ನು ನೆಚ್ಚಿದ ನಂಬಿಕೆ ಬಾಳುವುದಿಲ್ಲ. ಬೇರೆಯವರು ತೆರೆದು ನೋಡಲು ಬರುವ ಕೆಲಸದ ಮೇಲಿನ ನಂಬಿಕೆಯಷ್ಟೇ ಬಾಳುತ್ತದೆ.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ದಣಿದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನ ಅಪರಿಚಿತ ವ್ಯಕ್ತಿ ಎರಡು ವರ್ಷಕ್ಕೂ ಮಿಕ್ಕಿ ನಯವಾಗಿ ದುಡಿದು, ಬಿಡುಗಡೆಯ ಹೊಣೆಯನ್ನೇ ಪಡೆದು, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟರು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬ ಗುಮಾನಿಯ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಆ ಬಾಗಿಲನ್ನು ತೆರೆಯುವ ಸಾಲು ಎಲ್ಲರೂ ಓದುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಮೋಸ ಹೊಕ್ಕದ್ದು ಒಂದೇ ಕೈಗೆ ಎಟುಕುವ ಜಾಗದಲ್ಲಿ.

ಇನ್ನೊಬ್ಬರನ್ನು ನಂಬಿದ್ದರಿಂದಲೇ ಎಕ್ಸ್‌ಝಡ್ ಕೆಟ್ಟಿತಲ್ಲ ಎಂದು ನೀನು ಕೇಳಬಹುದು. ಅಲ್ಲಿ ಹೊಣೆ ಹಂಚಿಕೆಯಾಗಲಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತು; ಗಂಟು ಬಿಚ್ಚಿ ತಾಳೆ ನೋಡುವವರೇ ಇರಲಿಲ್ಲ. ಕನ್ನಡದ ಕೆಲಸಕ್ಕೆ ಒಬ್ಬರು ಸಿಗುವುದೇ ಕಷ್ಟ, ಇಬ್ಬರನ್ನು ಎಲ್ಲಿಂದ ತರಲಿ ಎಂಬ ಮಾತು ಇದಕ್ಕಿಂತ ತೂಕದ್ದು. ಆದರೂ ನಮ್ಮ ಅನುಭವವನ್ನೇ ನೋಡು. ಕೆ.ಪಿ. ರಾವ್ ಒಬ್ಬರೇ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಅದು ನುಡಿ, ಬರಹ ತಂತ್ರಾಂಶಗಳಲ್ಲೆಲ್ಲ ಹಬ್ಬಿತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಅನೇಕ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮದೇ ಸಂಕೇತ ಇಟ್ಟುಕೊಂಡಿದ್ದವು. ಆ ಸಂಕೇತಗಳಲ್ಲಿ ಬರೆದ ಕಡತಗಳು ಇಂದಿಗೂ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೀಚುಬರಹವಾಗಿ ತೆರೆಯುತ್ತವೆ. ಆ ವಿನ್ಯಾಸ, ಈ ಸಂಕೇತಗಳು, ಎರಡರ ಹಿಂದೆಯೂ ದುಡಿದವರು ಕೆಲವೇ ಜನ. ಬೇರೆಯವರ ಕೈಗೆ ಎಟುಕಿದ್ದು ಒಂದು, ಎಟುಕದ್ದು ಇನ್ನೊಂದು.

ಮುಂದಾಳಿನ ಹೆಸರೊಂದೇ ಮೆರೆಯದಂತೆಯೂ ನೋಡಿಕೋ. ನಮ್ಮೂರ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದ ಕದಂಬರ ರಾಣಿ ಕಮಲಾದೇವಿಯ ಜೊತೆಗೆ ಕಟ್ಟಿದ ತಿಪ್ಪೋಜನ ಹೆಸರೂ ಉಳಿದಿದೆ. ಮೊದಲ ಆವೃತ್ತಿ ಹೊರಡುವ ಮುನ್ನ, ನೀನು ಕಟ್ಟಿದ ಗಂಟನ್ನು ಬಿಚ್ಚಿ ತಾಳೆ ನೋಡುವವರು ಯಾರೆಂದು ಹೆಸರು ಹಿಡಿದು ಬರೆ.

ಇಂತಿ,
ನಿನ್ನ ಅಣ್ಣ