ಸುಗ್ಗಿಯ ನಿದ್ದೆಗೆ ಎಷ್ಟು ಅಂಕ?

ನಿಲ್ಕುಂದದ ಆಶಾ ಕಾರ್ಯಕರ್ತೆಯವರೇ, ಸುಗ್ಗಿಯ ದಣಿವೇ ಅಂಕ ಏರಿಸೀತೆಂಬ ನಿಮ್ಮ ಅನುಮಾನ ಸರಿ. ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9 ಕೇಳುವುದು ಹಿಂದಿನ ಎರಡು ವಾರದ ಸಂಗತಿ. ಕೊನೆಕೊಯ್ಲಿನಲ್ಲಿ ಮನೆಮಂದಿಯೆಲ್ಲ ರಾತ್ರಿ ಅಡಿಕೆ ಸುಲಿಯಲು ಕೂತರೆ ನಿದ್ದೆ, ಸುಸ್ತಿನ ಅಂಕ ಏರದೆ ಇದ್ದೀತೇ? ಮಲಗಲು ಬಿಡುವಿದ್ದೂ ನಿದ್ದೆ ಬರಲಿಲ್ಲವೇ ಎಂದು ಕೇಳಿ, ಪಕ್ಕದಲ್ಲಿ ಬರೆದಿಡಿ. ಪತ್ರಿಕೆ, ಟಿವಿಯಲ್ಲಿ ಗಮನ ನಿಲ್ಲುತ್ತದೆಯೇ ಎಂಬ ಅದರ ಪ್ರಶ್ನೆಗೆ ಓದುಬಾರದ ಅಜ್ಜಿ ಏನು ಹೇಳಿಯಾರು? ಪ್ರಶ್ನೆ ತಿದ್ದಬೇಡಿ; ಸುಲಿಯುವಾಗ ಮನಸ್ಸು ಎತ್ತಲೋ ಹೋಗುತ್ತದೆಯೇ ಎಂಬ ಉದಾಹರಣೆ ಸೇರಿಸಿ. ಸೊಸೆಯನ್ನು ಅತ್ತೆಯೆದುರು ಕೇಳಲೇಬೇಡಿ, ಉತ್ತರ ಮೈಕೈ ನೋವಿನಲ್ಲೇ ಮುಗಿಯುತ್ತದೆ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರಲ್ಲಿಗೆ ಕಳಿಸಿ. ಕಾಯಿಲೆ ಹೌದೋ ಅಲ್ಲವೋ ಅವರು ಹೇಳಲಿ. ಆದರೆ ಒಂಬತ್ತನೆಯ, ಸಾಯುವ ಯೋಚನೆಯ ಪ್ರಶ್ನೆಗೆ ಸೊನ್ನೆಗಿಂತ ಹೆಚ್ಚು ಅಂಕ ಬಂದರೆ ಮೊತ್ತ ಕೂಡಿಸುತ್ತ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅಲ್ಲಿಂದಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.