ಕಿಟಕಿ ಗಾಜಿನ ಶುಚಿ ಕಾರ್ಯ: ಸಲಕರಣೆಗಳ ಆಯ್ಕೆ

ಸೂರತ್ ನಗರದ ದಕ್ಷಿಣಕ್ಕೆ, ಮುಂಬಯಿ–ಅಹಮದಾಬಾದ್ ರೈಲು ಮಾರ್ಗದಲ್ಲಿರುವ ಸಚಿನ್ ಹಿಂದೆ ಸಿದ್ದಿ ನವಾಬರ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿತ್ತು. ಇಂದು ಅದು ಗುಜರಾತಿನ ಪ್ರಮುಖ ಕೈಗಾರಿಕಾ ಪ್ರದೇಶಗಳಲ್ಲೊಂದು. ವಿದ್ಯುತ್ ಮಗ್ಗಗಳು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು, ರಾಸಾಯನಿಕ ಘಟಕಗಳು, ವಜ್ರಾಭರಣ ತಯಾರಿಸುವ ಘಟಕಗಳುಳ್ಳ ವಿಶೇಷ ಆರ್ಥಿಕ ವಲಯ ಇವೆಲ್ಲ ಅಲ್ಲಿವೆ. ಬಾಯ್ಲರಿನ ಮಸಿ, ನೂಲಿನ ನವಿರು ಎಳೆ, ಯಂತ್ರಗಳ ಎಣ್ಣೆಯ ಜಿಡ್ಡು ಸೇರಿ ಅಂಥ ಊರಿನ ಕಿಟಕಿ ಗಾಜುಗಳು ಬಲು ಬೇಗ ಮಬ್ಬಾಗುತ್ತವೆ. ಮಗ್ಗದ ಮುಂದೆ ನಿಂತವನಿಗೆ ಎಳೆ ಕಾಣಬೇಕಾದರೆ ಬೆಳಕು ಬೇಕು. ವಜ್ರಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸುವವರು ಪರಂಪರೆಯಿಂದಲೂ ಉತ್ತರ ದಿಕ್ಕಿನ ಕಿಟಕಿಯ ಬೆಳಕನ್ನೇ ನೆಚ್ಚಿದವರು. ಆದುದರಿಂದ ಅಲ್ಲಿ ಗಾಜಿನ ಶುಚಿತ್ವವು ಅಲಂಕಾರದ ಮಾತಷ್ಟೇ ಅಲ್ಲ.

ದೀಪಾವಳಿಗೆ ಮುನ್ನ ಅಂಗಡಿ, ಕಚೇರಿ, ಕಾರ್ಖಾನೆಗಳು ಶುಚಿಗೊಳ್ಳುವ ಕಾಲದಲ್ಲಿ ಈ ಕೆಲಸಕ್ಕೆ ಬೇಡಿಕೆ ಹೆಚ್ಚು. ಅಲ್ಪ ಬಂಡವಾಳದಿಂದ ಇದನ್ನು ಕಸುಬಾಗಿ ಆರಂಭಿಸುವ ಇಬ್ಬರು ಯುವಕರು ಎದುರಿಸುವ ಮೊದಲ ಪ್ರಶ್ನೆಯೆಂದರೆ, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದು.

ರಬ್ಬರಿನ ಅಂಚು

ನೆಲದ ನೀರು ತಳ್ಳುವ ವೈಪರನ್ನೇ ಗಾಜಿಗೂ ಬಳಸುವುದು ಸಾಮಾನ್ಯ ತಪ್ಪು. ಅದರ ರಬ್ಬರು ದಪ್ಪ; ಅಂಚು ಮೊಂಡು. ನೀರನ್ನು ಅದು ಸರಿಸುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ಗಾಜಿನ ವೈಪರಿನಲ್ಲಿ ಒಂದೇ ತೆಳು ರಬ್ಬರು ಪಟ್ಟಿ ಲೋಹದ ತೋಡಿನೊಳಗೆ ಕುಳಿತಿರುತ್ತದೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಎಟ್ಟೋರೆ ಸ್ಟೆಕ್ಕೋನೆ ಎಂಬ ಗಾಜು ಒರೆಸುವ ಕಸುಬಿನವನು 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಮಾದರಿಯ ಹಗುರವಾದ ಹಿತ್ತಾಳೆ ಸಲಕರಣೆಯನ್ನು ರೂಪಿಸಿದನು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಭಾರದ ಉಕ್ಕಿನ ಸಲಕರಣೆಯಲ್ಲಿ ರಬ್ಬರು ಬದಲಿಸಲು ಹನ್ನೆರಡು ತಿರುಪುಗಳನ್ನು ಬಿಚ್ಚಬೇಕಾಗಿತ್ತು. ಮೂಲ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೀಗಾಗಿ ಹೆಸರುವಾಸಿ ವಿದೇಶೀ ಹಿಡಿಯೇ ಆಗಬೇಕೆಂಬ ಹಟ ಬೇಡ. ತೋಡು ನೇರವಾಗಿದ್ದು, ಹಿಡಿ ಅಲುಗಾಡದಿದ್ದರೆ ಸ್ಥಳೀಯವಾಗಿ ದೊರೆಯುವ ಉಕ್ಕಿನದೇ ಸಾಕು. ಉಳಿಸಿದ ಹಣವನ್ನು ಒಳ್ಳೆಯ ರಬ್ಬರಿಗೆ ಹಾಕುವುದು ಜಾಣತನ, ಏಕೆಂದರೆ ಗಾಜನ್ನು ಮುಟ್ಟುವುದು ರಬ್ಬರು, ಹಿಡಿಯಲ್ಲ.

ಅಗಲದ ಆಯ್ಕೆಯಲ್ಲೂ ವಿವೇಚನೆ ಬೇಕು. ಅಂಗಡಿಯ ದೊಡ್ಡ ಗಾಜಿಗೆ 35 ಸೆಂಟಿಮೀಟರಿನದು ಸರಿಹೊಂದುತ್ತದೆ. ಹಳೆಯ ಕಾರ್ಖಾನೆಗಳ ಕಬ್ಬಿಣದ ಚೌಕಟ್ಟುಗಳಲ್ಲಿರುವುದು ಚಿಕ್ಕ ಚಿಕ್ಕ ಗಾಜು. ಅಲ್ಲಿ 15 ಅಥವಾ 20 ಸೆಂಟಿಮೀಟರಿನದಿಲ್ಲದೆ ಕೆಲಸವೇ ನಡೆಯದು. ಅಗಲ ಹೆಚ್ಚಿದ್ದಷ್ಟೂ ಕೆಲಸ ಬೇಗ ಮುಗಿಯುವುದೆಂದು ನಂಬಿ 45 ಸೆಂಟಿಮೀಟರಿನದನ್ನು ಕೊಂಡವರು ಅದನ್ನು ಮೂಲೆಗಿಡುವುದೇ ಹೆಚ್ಚು.

ರಬ್ಬರು ಪಟ್ಟಿ ತೋಡಿನ ಎರಡೂ ತುದಿಗಳಲ್ಲಿ ಎರಡು–ಮೂರು ಮಿಲಿಮೀಟರಿನಷ್ಟು ಹೊರಚಾಚಿರಬೇಕು. ಇಲ್ಲವಾದರೆ ಲೋಹವು ಚೌಕಟ್ಟಿಗೂ ಗಾಜಿಗೂ ಉಜ್ಜುತ್ತದೆ. ಗಾಜಿನ ಮೇಲೆ ಪ್ರತಿ ಎಳೆತದಲ್ಲೂ ಒಂದೇ ಕಡೆ ನೀರಿನ ಗೆರೆ ಉಳಿದರೆ ಆ ಜಾಗದಲ್ಲಿ ಅಂಚು ಹರಿದಿದೆಯೆಂದು ತಿಳಿಯಬೇಕು. ಆಗ ಪಟ್ಟಿಯನ್ನು ಎಸೆಯದೆ ತಿರುಗಿಸಿ ಕೂರಿಸಿದರೆ ಹೊಸ ಅಂಚು ಸಿಗುತ್ತದೆ. ಬಿಸಿಲಿನಲ್ಲಿ ಬಿಟ್ಟ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ.

ನೀರು ಮತ್ತು ಮಾರ್ಜಕ

ಕೊಳವೆ ಬಾವಿಯ ನೀರು ಹಲವೆಡೆ ಗಡಸು. ಅದರಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ನೀರು ಆರಿದ ಬಳಿಕ ಬಿಳಿಯ ಚುಕ್ಕೆಗಳಾಗಿ ಗಾಜಿನ ಮೇಲೆ ಉಳಿಯುತ್ತವೆ. ಇದಕ್ಕಾಗಿ ನೀರು ಶುದ್ಧೀಕರಿಸುವ ದುಬಾರಿ ಯಂತ್ರ ಕೊಳ್ಳುವ ಅಗತ್ಯವಿಲ್ಲ. ನೀರು ಆರುವ ಮೊದಲೇ ಅದನ್ನು ಎಳೆದು ತೆಗೆದರೆ ಕಲೆಯಾಗಲು ಲವಣವೇ ಉಳಿಯದು. ಒಳ್ಳೆಯ ರಬ್ಬರಿನ ಇನ್ನೊಂದು ಲಾಭವಿದು. ಕೆಲಸವನ್ನು ಬಿಸಿಲೇರುವ ಮುನ್ನ, ನೆರಳಿರುವ ಬದಿಯಿಂದ ಆರಂಭಿಸಬೇಕೆಂಬ ನಿಯಮದ ಹಿಂದಿರುವ ಕಾರಣವೂ ಇದೇ. ಸೋಪು ಗಡಸು ನೀರಿನಲ್ಲಿ ಜಿಡ್ಡುಗಟ್ಟುವುದರಿಂದ, ಪಾತ್ರೆ ತೊಳೆಯುವ ದ್ರವ ಮಾರ್ಜಕದ ಕೆಲವೇ ಹನಿಗಳನ್ನು ಒಂದು ಬಕೆಟ್ ನೀರಿಗೆ ಹಾಕಿದರೆ ಸಾಕು. ಅಂಚುಗಳನ್ನು ಒರೆಸಲು ಮೈಕ್ರೋಫೈಬರ್ ಬಟ್ಟೆ ಉತ್ತಮ. ಅನೇಕ ಬಾರಿ ಒಗೆದ ಹತ್ತಿ ಪಂಚೆಯ ತುಂಡೂ ಅದಕ್ಕೆ ಬಹಳ ಹಿಂದೆ ಬೀಳುವುದಿಲ್ಲ.

ಹಳೆಯ ಬಿಳಿ ಕಲೆಗಳಿಗೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಬಳಸಬಹುದು. ಕಿಟಕಿಯ ಕೆಳಗಿನ ಚಪ್ಪಡಿ ಕೋಟಾ ಕಲ್ಲಿನದೋ ಅಮೃತಶಿಲೆಯದೋ ಆಗಿದ್ದರೆ ಅದರ ಮೇಲೆ ಹನಿ ಬೀಳದಂತೆ ನೋಡಿಕೊಳ್ಳಬೇಕು. ಆಮ್ಲ ಅಂಥ ಕಲ್ಲನ್ನು ತಿನ್ನುತ್ತದೆ. ಬಣ್ಣ, ಸಿಮೆಂಟಿನ ಹನಿಗಳನ್ನು ಕೆರೆಯುವ ಬ್ಲೇಡನ್ನು ಒದ್ದೆ ಗಾಜಿನ ಮೇಲೆ ಮಾತ್ರ ಆಡಿಸಬೇಕು. ಬಿಸಿಲು ಪ್ರತಿಫಲಿಸುವ ಲೇಪನವುಳ್ಳ ಗಾಜಿಗೆ ಅದನ್ನು ತಾಗಿಸಲೇಬಾರದು. ಒಂದು ಗೀರು ಬಿದ್ದರೆ ತಿಂಗಳ ದುಡಿಮೆ ಗಾಜಿನ ಬೆಲೆಗೆ ಹೋಗುತ್ತದೆ.

ಕೈಗಾರಿಕಾ ಪ್ರದೇಶಗಳಲ್ಲಿ ಹೆಸರುಪಟ್ಟಿಯಿಲ್ಲದ ಡಬ್ಬಿಗಳಲ್ಲಿ ಆಮ್ಲ, ದ್ರಾವಕ ಅಗ್ಗವಾಗಿ ಸಿಕ್ಕರೂ ಕೊಳ್ಳತಕ್ಕದ್ದಲ್ಲ. 2022ರ ಜನವರಿ 6ರ ನಸುಕಿನಲ್ಲಿ ಸಚಿನ್ ಕೈಗಾರಿಕಾ ಪ್ರದೇಶದಲ್ಲೇ ಟ್ಯಾಂಕರೊಂದರಿಂದ ನಾಲೆಗೆ ಬಿಟ್ಟ ತ್ಯಾಜ್ಯ ರಾಸಾಯನಿಕದಿಂದ ಎದ್ದ ವಿಷಾನಿಲಕ್ಕೆ ಆರು ಮಂದಿ ಕಾರ್ಮಿಕರು ಬಲಿಯಾದರು. ಸತ್ತವರು ಆ ರಾಸಾಯನಿಕವನ್ನು ಮುಟ್ಟಿದವರಲ್ಲ, ಹತ್ತಿರದಲ್ಲಿದ್ದವರು. ಆಮ್ಲವನ್ನು ಬ್ಲೀಚಿಂಗ್ ದ್ರವದೊಂದಿಗೆ ಬೆರೆಸಿದರೆ ಒಂದು ಬಕೆಟ್ಟಿನಿಂದಲೇ ಕ್ಲೋರಿನ್ ಅನಿಲ ಏಳುತ್ತದೆ.

ಎತ್ತರದ ಕೆಲಸ

ಮೊದಲ ಮಹಡಿಯ ಕಿಟಕಿಗೆ ಏಣಿಗಿಂತ ಉದ್ದಿಸಬಲ್ಲ ಕೋಲು ಮೇಲು. ಕೆಲಸಗಾರನ ಪಾದ ನೆಲದ ಮೇಲೆಯೇ ಇರುತ್ತದೆ. ಆದರೆ ಅಲ್ಯೂಮಿನಿಯಂ ಕೋಲು ವಿದ್ಯುತ್ತನ್ನು ಹರಿಸುತ್ತದೆ; ಶೆಡ್ಡುಗಳ ಪಕ್ಕದಲ್ಲೇ ತಂತಿಗಳು ಹಾದುಹೋಗಿರುತ್ತವೆ. ಒದ್ದೆಯಾದ ಬಿದಿರನ್ನೂ ನಂಬುವಂತಿಲ್ಲ. ತಂತಿಯ ಸಮೀಪದ ಕಿಟಕಿಯನ್ನು, ವಿದ್ಯುತ್ ಸಂಪರ್ಕ ಕಡಿತಗೊಳಿಸುವವರೆಗೆ, ಹಾಗೆಯೇ ಬಿಡಬೇಕು. ಗ್ರಾಹಕರು ಎಷ್ಟೇ ಒತ್ತಾಯಿಸಿದರೂ ಈ ಒಂದು ವಿಷಯದಲ್ಲಿ ರಾಜಿ ಸಲ್ಲದು. ಏಣಿ ಅನಿವಾರ್ಯವಾದಲ್ಲಿ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಅದರ ಬುಡ ಗೋಡೆಯಿಂದ ದೂರವಿರಬೇಕು. ಇನ್ನೊಬ್ಬನು ಬುಡವನ್ನು ಹಿಡಿದು ನಿಲ್ಲಬೇಕು.

ಸೂರತ್ತಿನಲ್ಲಿ 2023ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡ ವಜ್ರ ವ್ಯಾಪಾರ ಕೇಂದ್ರದ ಗೋಪುರಗಳು ಹದಿನೈದು ಮಹಡಿಯವು. ಅಂಥ ಕಟ್ಟಡಗಳ ಹೊರಗಾಜು ಹಗ್ಗದ ಮೇಲೆ ಇಳಿದು ಕೆಲಸ ಮಾಡುವ ತರಬೇತಿ ಪಡೆದವರ ಪಾಲು. ಐ.ಎಸ್. 3521 ಗುರುತಿನ ಪೂರ್ಣದೇಹದ ಸುರಕ್ಷಾ ಪಟ್ಟಿಯನ್ನು ಕೊಂಡ ಮಾತ್ರಕ್ಕೆ ಆ ತರಬೇತಿ ಬಂದಂತಾಗದು.

ಎರಡು ಅಳತೆಯ ವೈಪರು, ನಾಲ್ಕಾರು ರಬ್ಬರು ಪಟ್ಟಿ, ಗಾಜು ತೊಯ್ಸಲು ಬಟ್ಟೆ ಹೊದಿಸಿದ ಪಟ್ಟಿ, ಒಂದು ಕೋಲು, ಬ್ಲೇಡು, ಬಕೆಟ್ಟು, ಕೈಗವಸು, ಒರೆಸುವ ಬಟ್ಟೆಗಳು ಇಷ್ಟಿದ್ದರೆ ಕಸುಬು ಆರಂಭವಾಗುತ್ತದೆ. 2015ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ ಆಧಾರವಿಲ್ಲದೆ ಸಾಲ ದೊರೆಯುತ್ತದೆ. ಈ ಸಾಮಗ್ರಿಗೆ ಅಷ್ಟು ಬೇಕಾಗುವುದಿಲ್ಲ. ಪ್ರತಿ ರಬ್ಬರು ಪಟ್ಟಿಯನ್ನು ಹಾಕಿದ ದಿನಾಂಕ ಮತ್ತು ಅದರಿಂದ ಒರೆಸಿದ ಗಾಜುಗಳ ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಯಾವುದು ನಿಜವಾಗಿ ಅಗ್ಗವೆಂಬುದು ಕೆಲವು ತಿಂಗಳುಗಳಲ್ಲಿ ಲೆಕ್ಕದಿಂದಲೇ ಗೊತ್ತಾಗುತ್ತದೆ.